ಉಳಿದ ಜೀವ, ಉಳಿದ ಕರ್ತವ್ಯ

ಯಾಯೀರನ ಮಗಳಿಗೆ ಹನ್ನೆರಡು ವರ್ಷ. ಪ್ರಭು ಯೇಸು ಆಕೆಯ ಕೈಹಿಡಿದು ಎಬ್ಬಿಸಿದರು. ಮನೆಯವರು ಬೆರಗಾಗಿ ನಿಂತಿದ್ದಾಗ ಅವರಿಗೆ ಹೇಳಿದ್ದು ಸಣ್ಣ ಮಾತು: ಮಗುವಿಗೆ ಊಟ ಕೊಡಿ ಎಂದು. ಜೀವ ಬಂದ ಮೇಲೂ ಆರೈಕೆ ಮುಗಿಯಲಿಲ್ಲ.

ರಕ್ತದ ಕ್ಯಾನ್ಸರ್‌ನಿಂದ ಪಾರಾದ ಮಕ್ಕಳ ಹೆತ್ತವರಿಗೆ ಇದು ಬೇಗ ಅರ್ಥವಾಗುತ್ತದೆ. ಅಸ್ಥಿಮಜ್ಜೆಯ ಕಸಿಗೆ ಮುನ್ನ ರೋಗಿಯ ಕೆಟ್ಟ ಮಜ್ಜೆಯನ್ನು ನಾಶಮಾಡಬೇಕು. ಅದಕ್ಕಾಗಿ ಹಲವರಿಗೆ ಇಡೀ ದೇಹಕ್ಕೆ ವಿಕಿರಣ ಕೊಡುತ್ತಾರೆ. ಈ ಕಸಿಗೆ ದಾರಿ ಮಾಡಿದ ಅಮೆರಿಕದ ಡಾ. ಡೊನಾಲ್ ಥಾಮಸ್ 1990ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಆದರೆ ವಿಕಿರಣ ಒಳ್ಳೆಯ ಜೀವಕೋಶವನ್ನೂ ಬಿಡದು. ವರ್ಷಗಳ ನಂತರ ಕಣ್ಣಿಗೆ ಪೊರೆ ಬರಬಹುದು, ಥೈರಾಯ್ಡ್ ಸೊರಗಬಹುದು, ಬೆಳವಣಿಗೆ ಕುಂಠಿತವಾಗಬಹುದು, ಮತ್ತೊಂದು ಕ್ಯಾನ್ಸರೂ ತಲೆದೋರಬಹುದು. ಬಹಳ ಮಂದಿಗೆ ಮಕ್ಕಳಾಗುವುದಿಲ್ಲ.

ಬರೀ ಔಷಧಿ ಸಾಲದೇ? ಹಲವು ದೇಶಗಳ ವೈದ್ಯರು ಇದನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಇದ್ದ, ನಾಲ್ಕು ವರ್ಷ ಮೀರಿದ ಮಕ್ಕಳಲ್ಲಿ ವಿಕಿರಣದೊಂದಿಗೆ ಕಸಿ ಪಡೆದವರಲ್ಲಿ ಎರಡು ವರ್ಷದ ನಂತರ ನೂರಕ್ಕೆ 91 ಮಂದಿ ಬದುಕಿದ್ದರು. ಬರೀ ಔಷಧಿ ಪಡೆದವರಲ್ಲಿ 75.

ಹಾಗಿದ್ದರೆ ಒಪ್ಪಿಗೆಯ ಸಹಿ ಹಾಕಿದ ತಂದೆತಾಯಿ ತಪ್ಪು ಮಾಡಿದರೇ? ಇಲ್ಲ. ಇಡೀ ದೇಹದ ಒಳಿತಿಗಾಗಿ ಒಂದು ಭಾಗದ ನಷ್ಟವನ್ನು ಒಪ್ಪಬಹುದೆಂದು ಜಗದ್ಗುರು ಹನ್ನೆರಡನೇ ಪಯಸ್ 1952ರಲ್ಲಿ ಬೋಧಿಸಿದರು. ಚಿಕಿತ್ಸೆಯಿಂದ ಸಂತಾನಶಕ್ತಿಗೆ ಅಡ್ಡಿಯಾಗುವುದೆಂದು ಮೊದಲೇ ತಿಳಿದಿದ್ದರೂ, ಆ ಅಡ್ಡಿಯೇ ಉದ್ದೇಶವಲ್ಲದಿದ್ದರೆ ಅದು ಪಾಪವಲ್ಲವೆಂದು ಜಗದ್ಗುರು ಆರನೇ ಪೌಲರ 1968ರ ‘ಹುಮಾನೆ ವೀಟೆ’ ಪರಿಪತ್ರ ಸ್ಪಷ್ಟಪಡಿಸಿತು.

ಕಷ್ಟದ ಪ್ರಶ್ನೆ ಮುಂದಿದೆ. ಸಹಿ ಹಾಕಿದವರು ಹೆತ್ತವರು. ಫಲ ಅನುಭವಿಸುವವಳು ಮಗಳು. ‘ಪಾಪ, ಯಾಕೆ ನೋಯಿಸಬೇಕು’ ಎಂದು ಅವಳಿಂದಲೇ ಮುಚ್ಚಿಟ್ಟರೆ, ಪ್ರತಿವರ್ಷ ಮಾಡಿಸಬೇಕಾದ ತಪಾಸಣೆಯೂ ತಪ್ಪಿಹೋಗುತ್ತದೆ. ವರನಿಂದ ಮುಚ್ಚಿಟ್ಟರೆ? ಧರ್ಮಸಭೆಯ ಕಾನೂನಿನ ಪ್ರಕಾರ (ನಿಯಮ 1084) ಬಂಜೆತನ ವಿವಾಹಕ್ಕೆ ಅಡ್ಡಿಯಲ್ಲ. ಆದರೆ ದಾಂಪತ್ಯವನ್ನು ತೀವ್ರವಾಗಿ ಕದಡುವಂಥ ವಿಷಯದಲ್ಲಿ ಮೋಸಮಾಡಿ ಒಪ್ಪಿಗೆ ಪಡೆದರೆ ವಿವಾಹವೇ ಅಸಿಂಧುವಾಗುತ್ತದೆ (ನಿಯಮ 1098). ಮಗಳ ಸುಖಕ್ಕೆಂದು ಹೇಳಿದ ಸುಳ್ಳು ಅವಳ ಮನೆಯನ್ನು ಮರಳಿನ ಮೇಲೆ ಕಟ್ಟಿದಂತೆ.

ಊರಿಗೆಲ್ಲ ಸಾರಬೇಕಾಗಿಲ್ಲ. ಪ್ರಭುವೂ ಅಂದು ಹೊರಗೆ ಯಾರಿಗೂ ತಿಳಿಸಬಾರದೆಂದರು. ಆದರೆ ತಿಳಿಯುವ ಹಕ್ಕುಳ್ಳವರಿಗೆ ಹೇಳಲೇಬೇಕು.

ಹೇಳಿದರೆ ಸಂಬಂಧ ತಪ್ಪುತ್ತದೆಂಬ ಹೆದರಿಕೆ ಸುಳ್ಳಲ್ಲ. ಆ ಹೆದರಿಕೆ ಹುಟ್ಟಿಸಿದವರು ಯಾರು? ಮಕ್ಕಳಿಲ್ಲದ ಹೆಣ್ಣನ್ನು ಕೀಳಾಗಿ ಕಾಣುವ ನಾವೇ ಅಲ್ಲವೇ? ಕಾಯಿಲೆಯ ದಿನಗಳಲ್ಲಿ ಅವಳಿಗಾಗಿ ಜಪಸರ ಹೇಳಿದೆವು, ಬಲಿಪೂಜೆ ಮಾಡಿಸಿದೆವು. ದೇವರು ನಮ್ಮ ಮೊರೆ ಕೇಳಿ ಉಳಿಸಿಕೊಟ್ಟ ಮಗಳು ಇಂದು ನಮ್ಮ ಮನೆಗೆ ಸೊಸೆಯಾಗಿ ಬರುವುದಾದರೆ ಏನೆನ್ನುತ್ತೇವೆ? ಮಗುವಿಗೆ ಊಟ ಕೊಡಿ ಎಂಬ ಮಾತು ನಮ್ಮ ಧರ್ಮಕೇಂದ್ರಕ್ಕೂ ಹೇಳಿದ್ದೇ.