ಬೆನ್ನ ಮೇಲಣ ಚೀಲ

ಧರ್ಮಾಧರ್ಮಗಳ ವಿಚಾರವು ದೊಡ್ಡ ಸಂದರ್ಭಗಳಲ್ಲಿ ಮಾತ್ರ ಏಳತಕ್ಕದ್ದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹರಿಶ್ಚಂದ್ರನಿಗೆ ಸುಡುಗಾಡಿನಲ್ಲಿ, ಅರ್ಜುನನಿಗೆ ರಣಾಂಗಣದಲ್ಲಿ ಎದುರಾದಂಥ ಪ್ರಶ್ನೆಯು ನಮ್ಮಂಥ ಉಪಾಧ್ಯಾಯರಿಗೆ ಎದುರಾಗುವುದೆಂತು? ಆದರೆ ಕೆಲವು ವರ್ಷಗಳ ಹಿಂದೆ ಸುಲ್ತಾನ್ ಬತ್ತೇರಿಯ ಪೇಟೆಯಲ್ಲಿ ಚೀಲವೊಂದನ್ನು ಕೊಳ್ಳಹೋದಾಗ, ಗಾತ್ರದಲ್ಲಿ ಚಿಕ್ಕದಾದರೂ ಜಾತಿಯಲ್ಲಿ ಅದೇ ಆದ ಪ್ರಶ್ನೆಯೊಂದು ನಮ್ಮೆದುರು ಬಂದು ನಿಂತಿತು. ಅಂಗಡಿಯಾತನು ಎರಡು ಬೆನ್ನುಚೀಲಗಳನ್ನು ಮುಂದಿಟ್ಟು, “ನೋಟ ಬೇಕೋ ಮಾಷೇ, ಬಾಳಿಕೆ ಬೇಕೋ?” ಎಂದು ಕೇಳಿದನು. ನಾವು ನೋಟವನ್ನೇ ಆರಿಸಿಕೊಂಡೆವು. ಬೂದುಬಣ್ಣದ, ನುಣುಪಾದ, ಪಟ್ಟಣದ ತರುಣರ ಬೆನ್ನಿಗೆ ಒಪ್ಪುವಂಥ ಚೀಲವದು.

ವಯನಾಡು ಕಡಲಮಟ್ಟದಿಂದ 700 ಮೀಟರಿಗೂ ಮಿಗಿಲಾದ ಎತ್ತರದ ನಾಡು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡುವುದೆಂಬ ಭರವಸೆಯಿಲ್ಲ. ಇಲ್ಲಿ ಸೈಕಲ್ಲಿನ ಮೇಲೆ ಶಾಲೆಗೆ ಹೋಗುವವನು ಏರಿನಲ್ಲಿ ಅರ್ಧದಾರಿ ಸೈಕಲ್ಲನ್ನು ತಳ್ಳುತ್ತಾನೆ. ಇಳಿಜಾರಿನಲ್ಲಿ ಎರಡು ಕೈಗಳೂ ಬ್ರೇಕಿಗೆ ಮೀಸಲು. ಕೊಡೆಗೆ ಅವಕಾಶವಿಲ್ಲ. ಮೈಗೆ ಮಳೆಯಂಗಿಯುಂಟು, ಬೆನ್ನ ಮೇಲಣ ಹೊರೆಗೆ ಚೀಲವೊಂದೇ ಗತಿ.

ಮೊದಲನೆಯ ಜೂನ್ ತಿಂಗಳಲ್ಲೇ ನಮ್ಮ ಚೆಲುವ ಚೀಲದ ಜಿಪ್ಪು ಬಾಯಿಬಿಟ್ಟಿತು. ಒಳಗಿದ್ದುದು ತಿದ್ದುವುದಕ್ಕೆಂದು ಮನೆಗೆ ಒಯ್ಯುತ್ತಿದ್ದ 31 ಮಕ್ಕಳ ನೋಟುಬುಕ್ಕುಗಳು. ಮನೆ ಸೇರಿ ಬಿಚ್ಚಿ ನೋಡಿದರೆ ಹಾಳೆಗಳು ಒಂದಕ್ಕೊಂದು ಅಂಟಿ, ಶಾಯಿ ಕದಡಿಹೋಗಿತ್ತು. ಅವುಗಳಲ್ಲಿ ಒಬ್ಬ ಹುಡುಗಿಯದು, ಅಜ್ಜಿಯ ಬಾಯಿಂದ ಕೇಳಿದ ಕಥೆಯನ್ನು ನಾಲ್ಕು ಪುಟಗಳಲ್ಲಿ ಬರೆದ ಪುಸ್ತಕ. ಮರುದಿನ ತಲೆ ತಗ್ಗಿಸಿ ತಿಳಿಸಿದಾಗ ಅವಳು, “ಪರವಾಗಿಲ್ಲ ಮಾಷ್ಟ್ರೇ, ಇನ್ನೊಮ್ಮೆ ಬರೆಯುತ್ತೇನೆ” ಎಂದಳು, ಬರೆದೂ ಬರೆದಳು. ಆದರೆ ಎರಡನೆಯ ಬಾರಿಯ ಕಥೆ ಒಂದೇ ಪುಟವಾಗಿತ್ತು. ಉಳಿದ ಮೂರು ಪುಟಗಳು ಎಲ್ಲಿ ಹೋದವೆಂದು ಅವಳನ್ನು ಕೇಳುವ ಧೈರ್ಯ ನಮಗಾಗಲಿಲ್ಲ.

ಚೀಲ ನಮ್ಮದು, ದುಡ್ಡು ನಮ್ಮದು. ಆದುದರಿಂದ ಆಯ್ಕೆಯೂ ನಮ್ಮ ಇಷ್ಟದ್ದೇ ಎಂದು ಅಂದಿನವರೆಗೆ ತಿಳಿದಿದ್ದೆವು. ಆದರೆ ಚೀಲದೊಳಗಿದ್ದುದು ನಮ್ಮದಾಗಿರಲಿಲ್ಲ. ಪರರ ವಸ್ತುವನ್ನು ಹೊರುವವನಿಗೆ ಬಾಳಿಕೆಯೆಂಬುದು ರುಚಿಯ ಮಾತಲ್ಲ, ಕರ್ತವ್ಯದ ಮಾತು. ಅಂಚೆಯವನ ಚೀಲವೂ ಉಪಾಧ್ಯಾಯನ ಚೀಲವೂ ಈ ವಿಷಯದಲ್ಲಿ ಒಂದೇ.

ಹಾಗಾದರೆ ಬಾಳಿಕೆಯನ್ನು ಗುರುತಿಸುವುದು ಹೇಗೆ? ನೈಲಾನ್ ಮೊದಲಾದ ಬಟ್ಟೆಗಳ ದಾರದ ದಪ್ಪವನ್ನು ‘ಡೆನಿಯರ್’ ಎಂಬ ಅಳತೆಯಿಂದ ಹೇಳುತ್ತಾರೆ. 9,000 ಮೀಟರು ಉದ್ದದ ದಾರವು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. ಸಂಖ್ಯೆ ಹೆಚ್ಚಿದಷ್ಟೂ ದಾರ ದಪ್ಪ. ಒತ್ತಾಗಿ ನೆಯ್ದ ಹತ್ತಿಯ ಕ್ಯಾನ್ವಾಸು ನೆನೆದಾಗ ಅದರ ಎಳೆಗಳು ಉಬ್ಬಿ ಸಂದುಗಳನ್ನು ಮುಚ್ಚುತ್ತವೆ. ಆದರೆ ನೆನೆದ ಕ್ಯಾನ್ವಾಸು ಭಾರ, ಒಣಗುವುದೂ ನಿಧಾನ. ಬಟ್ಟೆ ಎಷ್ಟೇ ಗಟ್ಟಿಯಾದರೂ ಹೊಲಿಗೆಯ ಸೂಜಿರಂಧ್ರಗಳಿಂದ ನೀರು ಒಸರುವುದರಿಂದ ಮೇಲೊಂದು ಮಳೆಹೊದಿಕೆ ಬೇಕು. ಹೆಗಲಪಟ್ಟಿಯು ಚೀಲವನ್ನು ಸೇರುವ ಎಡೆಯಲ್ಲಿ ಹೊಲಿಗೆಯನ್ನು ಹಲವು ಸಲ ಹಿಂದುಮುಂದಾಗಿ ಹಾಕಿದೆಯೇ, ತಳವು ಇಮ್ಮಡಿಯಾಗಿದೆಯೇ, ಜೋತುಬಿದ್ದ ಪಟ್ಟಿಗಳು ಚಕ್ರದ ಕಡ್ಡಿಗೆ ಸಿಕ್ಕದಂತಿವೆಯೇ ಎಂದು ನೋಡಬೇಕು. ಇವಾವುವೂ ಅಂಗಡಿಯ ದೀಪದ ಬೆಳಕಿನಲ್ಲಿ ಮಿರುಗುವ ಗುಣಗಳಲ್ಲ. ಚೀಲವನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿದವನಿಗೆ ಮಾತ್ರ ಅವು ಕಾಣುತ್ತವೆ.

ಈ ಪಾಠ ಕಲಿತ ಮೇಲೆ ನಾವು ಇನ್ನೊಂದು ತುದಿಗೆ ಹೋಗಿ, ಚೆಲುವೆಂಬುದೇ ವ್ಯರ್ಥವೆಂದು ತರಗತಿಯಲ್ಲಿ ಉಪದೇಶ ಮಾಡತೊಡಗಿದೆವು. ಸರಳತೆಯನ್ನು ಕುರಿತು ಉಪದೇಶ ಮಾಡುವುದು ಸಂಬಳ ಬರುವವನಿಗೆ ಸುಲಭ. ಆಗ ನಮ್ಮ ಕಣ್ಣು ತೆರೆಯಿಸಿದವನು ಹಿಂದಿನ ಸಾಲಿನ ಒಬ್ಬ ಹುಡುಗ. ಬಟ್ಟೆಯಂಗಡಿಯೊಂದರಲ್ಲಿ ಕೊಟ್ಟ ಕೈಚೀಲದಲ್ಲಿ ಅವನು ಪುಸ್ತಕಗಳನ್ನು ತರುತ್ತಿದ್ದ. ಅದನ್ನು ದಿನವೂ ಅಂಗಡಿಯ ಹೆಸರು ಹೊರಗೆ ಕಾಣದಂತೆ ಮಗುಚಿ ಹಿಡಿಯುತ್ತಿದ್ದ. ನಮ್ಮ ಉಪದೇಶವನ್ನು ಅವನೂ ಕೇಳುತ್ತಿದ್ದ. ಆದರೆ ಅದರಿಂದ ಅವನ ಚೀಲ ಮಗುಚುವುದು ನಿಲ್ಲಲಿಲ್ಲ. ನಾಲ್ಕು ಜನರ ನಡುವೆ ಮಾನವಾಗಿ ಕಾಣಬೇಕೆಂಬ ಆಸೆಯನ್ನು ಆಡಂಬರವೆಂದು ಕರೆಯುವ ಹಕ್ಕು ನಮಗೆಲ್ಲಿಂದ ಬಂತು?

ಚೆಲುವಿನಲ್ಲಿ ಎರಡು ಬಗೆಯುಂಟೆಂದು ನಮಗೆ ತೋರುತ್ತದೆ. ಒಂದು, ಪಕ್ಕದವನ ಬಳಿ ಇಲ್ಲದುದರಿಂದಲೇ ಬೆಲೆ ಪಡೆಯುವ ಚೆಲುವು. ಎಲ್ಲರೂ ಕೊಂಡ ದಿನ ಅದು ಸಾಯುತ್ತದೆ. ಇನ್ನೊಂದು, ವಸ್ತುವು ತನ್ನ ಕೆಲಸಕ್ಕೆ ಒಪ್ಪಿರುವುದರಿಂದ ಹುಟ್ಟುವ ಚೆಲುವು. ಮಂಜು ಕವಿದ ಬೆಳಗಿನಲ್ಲಿ, ಲಾರಿ ಬಸ್ಸುಗಳು ಓಡುವ ದಾರಿಯಲ್ಲಿ, ಸೈಕಲ್ಲಿನವನ ಬೆನ್ನ ಮೇಲಿನ ಹಳದಿ ಚೀಲವೂ ಅದರ ಮೇಲೆ ಮಿನುಗುವ ಪಟ್ಟಿಯೂ ಎಷ್ಟು ಸೊಗಸು! ನಮ್ಮ ಬೂದುಬಣ್ಣದ ಚೀಲವೋ ಮಂಜಿನಲ್ಲಿ ಮಂಜಾಗಿ ಕರಗುತ್ತಿತ್ತು. ಇಲ್ಲಿ ಅಂದ ಬೇರೆ, ಉಪಯೋಗ ಬೇರೆ ಎನ್ನಲಾದೀತೇ?

ಗಟ್ಟಿಯಾದ ಚೀಲಕ್ಕೂ ತನ್ನದೇ ಆದ ಒಂದು ದೋಷವಿದೆ: ಎಷ್ಟು ತುಂಬಿದರೂ ಅದು ಬೇಡವೆನ್ನುವುದಿಲ್ಲ. ಮೈಸೂರಿನಲ್ಲಿ ಬಹುಕಾಲ ಬಾಳಿದ ಆರ್. ಕೆ. ನಾರಾಯಣ್ ಅವರು 1989ರಲ್ಲಿ ರಾಜ್ಯಸಭೆಯಲ್ಲಿ ಮಕ್ಕಳ ಪುಸ್ತಕದ ಹೊರೆಯ ವಿಷಯವಾಗಿಯೇ ಮಾತನಾಡಿದರು. 1993ರಲ್ಲಿ ಯಶಪಾಲ್ ಸಮಿತಿಯು ಹೊರೆಯಿಲ್ಲದ ಕಲಿಕೆಯನ್ನು ಕುರಿತು ವರದಿಯಿತ್ತಿತು. 2020ರ ಕೇಂದ್ರದ ಶಾಲಾಚೀಲ ನೀತಿಯು ಚೀಲದ ತೂಕ ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದಿತು. ಎಂದರೆ 25 ಕಿಲೋ ತೂಗುವ ಮಗುವಿಗೆ ಎರಡೂವರೆ ಕಿಲೋ, ಚೀಲದ ತೂಕವೂ ಸೇರಿ. ಏನನ್ನು ಹೊರಬೇಕೆಂಬುದರ ಜೊತೆಗೆ ಏನನ್ನು ಇಳಿಸಬೇಕೆಂಬ ವಿವೇಕವೂ ಬೇಕು. ಅದು ಅಂಗಡಿಯಲ್ಲಿ ದೊರೆಯದು.

ಇಷ್ಟಾದರೂ ಒಂದು ಮುಳ್ಳು ಉಳಿಯುತ್ತದೆ. ಬಾಳುವ ಚೀಲಕ್ಕೆ ಬೆಲೆ ಹೆಚ್ಚು. ಕೈಯಲ್ಲಿ ಹಣವಿದ್ದವನು ಒಮ್ಮೆ ಕೊಂಡು ಐದು ವರ್ಷ ನಿಶ್ಚಿಂತೆಯಾಗಿರುತ್ತಾನೆ. ಇಲ್ಲದವನು ವರ್ಷವರ್ಷವೂ ಹರಿಯುವುದನ್ನೇ ಕೊಂಡು, ಕೊನೆಗೆ ಹೆಚ್ಚು ತೆರುತ್ತಾನೆ. ದುಡ್ಡಿನಿಂದ ಮಾತ್ರ ಬರುವ ಬಾಳಿಕೆಯನ್ನು ಸದ್ಗುಣವೆಂದು ಹೊಗಳಿದರೆ ಬಡವನನ್ನು ಎರಡು ಸಲ ದಂಡಿಸಿದಂತಾಗುತ್ತದೆ.

ಇದಕ್ಕೆ ಉತ್ತರ ದೊರೆತುದು ಪೇಟೆಯ ಬದಿಯಲ್ಲಿ ಕುಳಿತು ಚಪ್ಪಲಿ, ಚೀಲ ಹೊಲಿಯುವ ಮುದುಕನ ಬಳಿ. ನಮ್ಮ ಬೂದುಚೀಲವನ್ನು ಅವನಿಗೆ ಕೊಟ್ಟಾಗ ಅವನು ಜಿಪ್ಪಿನ ಸವೆದ ರನ್ನರನ್ನು ಕಿತ್ತು ಹೊಸದನ್ನು ಹಾಕಿ, ಹಲ್ಲುಗಳ ಮೇಲೆ ಮೇಣದ ಬತ್ತಿಯನ್ನು ಉಜ್ಜಿ, ಸರಾಗವಾಗಿ ಎಳೆದು ತೋರಿಸಿದನು. ಬಾಳಿಕೆಯ ಅರ್ಧವನ್ನು ಮಾತ್ರ ತಯಾರಿಸಿದವನು ಕೊಡುತ್ತಾನೆ. ಉಳಿದರ್ಧ ಇಟ್ಟುಕೊಂಡವನ ಕೈಯಲ್ಲಿದೆ.

ಅಂದಿನಿಂದ ನಮ್ಮ ಮೇಜಿನ ಸೆಳೆಖಾನೆಯಲ್ಲಿ ಸೂಜಿ, ಗಟ್ಟಿದಾರ, ಒಂದು ತುಂಡು ಮೇಣದ ಬತ್ತಿ ಇರುತ್ತವೆ. ಶುಕ್ರವಾರದ ಕೊನೆಯ ಅವಧಿಯಲ್ಲಿ ಹರಿದ ಚೀಲಗಳೆಲ್ಲ ಮೇಜಿನ ಮೇಲೆ ಬರುತ್ತವೆ. ಮೊದಲು ನಮ್ಮದನ್ನೇ ಇಡುತ್ತೇವೆ. ಹಿಂದಿನ ಸಾಲಿನ ಹುಡುಗನು ಹಳೆಯ ಕ್ಯಾನ್ವಾಸಿನಿಂದ ತಾನೇ ಒಂದು ಚೀಲ ಹೊಲಿದು, ಅದರ ಮೇಲೆ ಕೆಂಪುದಾರದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಹಾಕಿದ್ದಾನೆ. ಅಕ್ಷರ ಸ್ವಲ್ಪ ಓರೆಯಾಗಿದೆ. ಆದರೆ ಆ ಚೀಲವನ್ನು ಅವನು ಮಗುಚಿ ಹಿಡಿಯುವುದಿಲ್ಲ.

ಅಂಗಡಿಯಾತನು ಇನ್ನೊಮ್ಮೆ ಆ ಪ್ರಶ್ನೆಯನ್ನು ಕೇಳಿದರೆ ನಾವು ಹೀಗೆನ್ನುವೆವು: ಎರಡೂ ಬೇಕು, ಆದರೆ ಒಳಗಿರುವ ಪರರ ವಸ್ತುವನ್ನು ಕಾಯದ ನೋಟ ಬೇಡ, ಪಕ್ಕದ ಮಗುವನ್ನು ನಾಚಿಸುವ ನೋಟವಂತೂ ಬೇಡವೇ ಬೇಡ.