ಮೂರು ಬಲ್ಬಿನ ಪಾಲು

ಸಮಪಾಲು ಅಂದರೆ ನ್ಯಾಯ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಟೀಮ್ ಲಂಚ್ ಬಿಲ್ ಬಂದರೆ ಮೊಬೈಲ್ ತೆಗೆದು ತಲೆಗಿಷ್ಟು ಅಂತ ಭಾಗಿಸ್ತೀವಿ. ಬರೀ ನಿಂಬೆ ಸೋಡಾ ಕುಡಿದವನೂ ಬಿರಿಯಾನಿಯ ಪಾಲು ಕೊಟ್ಟು ಸುಮ್ಮನಾಗ್ತಾನೆ. ಇನ್ನೂರು ರೂಪಾಯಿ ವಿಷಯ, ನಡೆಯತ್ತೆ ಬಿಡಿ. ಆದರೆ ಪಾಲಾಗಬೇಕಾದದ್ದಕ್ಕೆ ಜೀವ ಇದ್ದರೆ? ಈ ಪ್ರಶ್ನೆಯನ್ನ ನಾನು ಸರಿಯಾಗಿ ಯೋಚಿಸಲು ಶುರುಮಾಡಿದ್ದು ಆರ್ಕಿಡ್ ಗಿಡಗಳನ್ನ ಬಿಡಿಸಿ ಬೇರೆ ಬೇರೆ ಮಾಡೋದು ಕಲಿತ ಮೇಲೆ.

ನಮ್ಮ ಬಾಲ್ಕನಿಯಲ್ಲಿ ಇರೋದು ಹೆಚ್ಚಾಗಿ ಕ್ಯಾಟ್ಲಿಯಾ, ಎಲ್ಲವೂ ನರ್ಸರಿಯಿಂದ ತಂದಿದ್ದು. ಕಾಡಿನ ಸೀತಾಳೆ ದಂಡೆ ಅದರ ಮರದ ಮೇಲೇ ಇದ್ದರೆ ಚೆಂದ. ಕ್ಯಾಟ್ಲಿಯಾ ನೆಟ್ಟಗೆ ಬೆಳೆಯೋ ಗಿಡ ಅಲ್ಲ, ಅಡ್ಡಕ್ಕೆ ತೆವಳತ್ತೆ. ಶುಂಠಿ ಕಿತ್ತು ಗೊತ್ತಿದ್ದವರಿಗೆ ಬೇಗ ಅರ್ಥವಾಗತ್ತೆ: ಮಲಗಿದ ಒಂದು ಕಾಂಡ, ಅದರ ಮೇಲೆ ಸಾಲಾಗಿ ಎದ್ದ ದಪ್ಪ ದಂಟುಗಳು. ಈ ದಂಟಿಗೆ ಬೆಳೆಗಾರರು ಬಲ್ಬ್ ಅಂತಾರೆ. ಹೂ ಬಿಡೋದು ಮುಂದಿನ ಹೊಸ ಬಲ್ಬು. ಹಿಂದಿನವು ಎಲೆ ಉದುರಿಸಿಕೊಂಡು, ಸುಕ್ಕುಗಟ್ಟಿ, ಸತ್ತ ಹಾಗೆ ಕೂತಿರ್ತವೆ. ಸತ್ತಿಲ್ಲ. ಒಳಗೆ ನೀರು, ಆಹಾರ ಕೂಡಿಟ್ಟಿರ್ತವೆ. ಮುಂದಿನ ಚಿಗುರಿಗೆ ಕಷ್ಟಕಾಲದಲ್ಲಿ ಅದೇ ಆಧಾರ.

ಗಿಡ ಬಿಡಿಸುವಾಗ ಒಂದು ನಿಯಮ ಇದೆ: ಒಂದೊಂದು ಪಾಲಿಗೂ ಕನಿಷ್ಠ ಮೂರು ಬಲ್ಬ್ ಇರಬೇಕು, ನಾಲ್ಕಿದ್ದರೆ ಇನ್ನೂ ಒಳ್ಳೇದು. ಒಂಬತ್ತು ಬಲ್ಬಿನ ಗಿಡವನ್ನ ಒಂಬತ್ತು ಜನಕ್ಕೆ ಒಂದೊಂದು ಅಂತ ಹಂಚಬಹುದು, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದರಲ್ಲಿ ಕೆಲವು ಸಾಯ್ತವೆ, ಉಳಿದವು ಹೂ ಬಿಡೋಕೆ ವರ್ಷಗಟ್ಟಲೆ ಕಾಯಿಸ್ತವೆ. ಅಂದರೆ ಪಾಲು ಸಮವಾಗಿದೆಯಾ ಅಂತ ಕೇಳೋ ಮೊದಲು ಆ ಪಾಲು ಬದುಕತ್ತಾ ಅಂತ ಕೇಳಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಇದೇ ವಾದವನ್ನ ನಾನು ನಮ್ಮನೆ ಜಗಲಿ ಮೇಲೆ ಕೂತು ಕೇಳಿದೀನಿ.

ಅಪ್ಪ ದುಡಿದು ತಾನೇ ಕೊಂಡ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಅಪ್ಪ ಹೋಗಿ ಎರಡು ವರ್ಷ. ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ಅಣ್ಣ, ಅಕ್ಕ, ನಾನು ನಾಲ್ಕೂ ಜನಕ್ಕೆ ಸಮ. (ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಹಕ್ಕು ಅಂತ ಇಡೀ ದೇಶಕ್ಕೆ ತಿದ್ದುಪಡಿ ಬಂದಿದ್ದು 2005ರಲ್ಲಿ. ಸ್ವಯಾರ್ಜಿತದಲ್ಲಿ ಅದು ಮೊದಲಿಂದಲೂ ಇತ್ತು. ನಮ್ಮೂರಲ್ಲಿ ಎರಡೂ ಸುದ್ದಿ ಇನ್ನೂ ಸರಿಯಾಗಿ ತಲುಪಿಲ್ಲ.) ಅರವತ್ತು ಗುಂಟೆ, ನಾಲ್ಕು ಜನ, ತಲಾ ಹದಿನೈದು. ಬಾವಿ ಒಂದೇ. ಅದೂ ಒಂದು ಮೂಲೆಯಲ್ಲಿ.

‘ಹರಿದು ಹಂಚಿದರೆ ತೋಟ ಉಳಿಯಲ್ಲ’ ಅಂತಾನೆ ಅಣ್ಣ. ಸುಳ್ಳಲ್ಲ. ಊರಲ್ಲಿದ್ದು ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಸೋನು ಅವನೇ. ನಾನು ಬೆಂಗಳೂರಲ್ಲಿ ಏಸಿ ಕೆಳಗೆ ಕೂತು ಸಂಬಳ ಎಣಿಸೋನು. ಆದರೆ ಈ ಮೂರು ಬಲ್ಬಿನ ನಿಯಮ ಯಾವಾಗಲೂ ಬರೋದು ಕುಂಡ ಕೈಯಲ್ಲಿ ಇರೋರ ಬಾಯಿಂದ. ಅಕ್ಕ ಒಂದೇ ಮಾತು ಅಂದಳು: ‘ತೋಟ ಒಡೀಬಾರದು ಅಂತ ನಿಮಗೆಲ್ಲ ನೆನಪಾಗೋದು ನನ್ನ ಸಹಿ ಬೇಕಾದಾಗ ಮಾತ್ರ ಕಣೋ.’ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳೋದು ಎಷ್ಟು ಮನೆಗಳಲ್ಲಿ ನಡೆದಿಲ್ಲ? ಅಲ್ಲೆಲ್ಲ ‘ತೋಟದ ಒಳ್ಳೇದಕ್ಕೆ’ ಅನ್ನೋದೇ ಕಾರಣ. ಲಾಭ ಮಾತ್ರ ಒಬ್ಬರದ್ದು.

ಬಿಡಿಸದೇ ಇಟ್ಟರೆ ಗಿಡಕ್ಕೆ ಏನೂ ಆಗಲ್ಲ ಅನ್ನೋದೂ ನಿಜ ಅಲ್ಲ. ಹೊಸ ಬಲ್ಬು ಕುಂಡದ ಅಂಚು ದಾಟಿ ಹೊರಗೆ ಜೋಲತ್ತೆ, ಅದರ ಬೇರಿಗೆ ಹಿಡಿಯೋಕೆ ಏನೂ ಸಿಗಲ್ಲ. ಒಳಗಿನ ತೊಗಟೆ ಚೂರುಗಳು ಕೊಳೆತು, ನೀರು ನಿಂತು, ನಡುವಿನ ಬೇರು ಹೋಗತ್ತೆ. ಒಟ್ಟಿಗೆ ಇರೋದೇ ಒಳ್ಳೇದು ಅನ್ನೋರು ಕುಂಡದ ಒಳಗೆ ಒಮ್ಮೆ ಇಣುಕಬೇಕು.

ಇದಕ್ಕೆ ಬೆಳೆಗಾರರು ಒಂದು ಉಪಾಯ ಮಾಡ್ತಾರೆ, ನನಗೆ ತುಂಬ ಇಷ್ಟವಾದದ್ದು. ಬ್ಲೇಡನ್ನ ಬೆಂಕಿಯಲ್ಲಿ ಕಾಯಿಸಿ (ಒಂದು ಗಿಡದ ವೈರಸ್ ಇನ್ನೊಂದಕ್ಕೆ ಹೋಗೋದು ಬ್ಲೇಡಿನಿಂದಲೇ), ಕುಂಡದಲ್ಲಿ ಇದ್ದ ಹಾಗೇ ಮಲಗಿದ ಕಾಂಡವನ್ನ ಕತ್ತರಿಸ್ತಾರೆ. ಆದರೆ ಎಳೆದು ಬೇರೆ ಮಾಡಲ್ಲ, ಕೆಲವು ತಿಂಗಳು ಹಾಗೇ ಬಿಡ್ತಾರೆ. ಮುಂದಿನ ಚಿಗುರು ಇರೋ ತನಕ ಹಿಂದಿನ ಬಲ್ಬುಗಳ ಬುಡದಲ್ಲಿರೋ ಕಣ್ಣುಗಳು ಎದ್ದೇಳಲ್ಲ, ಚಿಗುರಿನ ಹಾರ್ಮೋನ್ ಅವನ್ನ ಅದುಮಿ ಇಟ್ಟಿರತ್ತೆ. ಸಂಬಂಧ ಕಡಿದ ಮೇಲೆ ಅವುಗಳಲ್ಲಿ ಒಂದು ಎದ್ದೇಳಬಹುದು. ಬೋಳು ಅಂದುಕೊಂಡಿದ್ದ ಮುದಿ ಬಲ್ಬಿನ ಬುಡದಲ್ಲಿ ಹಸಿರು ಮೊನೆ ಕಾಣತ್ತೆ. ಹೊಸ ಬೇರು ಬರೋ ಹೊತ್ತಿಗೆ ಎತ್ತಿ ಬೇರೆ ಮಾಡ್ತಾರೆ. ನಮ್ಮ ಕಡೆ ಹಿಂದೆ ಇದನ್ನೇ ಒಲೆ ಬೇರೆ ಮಾಡಿಕೊಳ್ಳೋದು ಅಂತಿದ್ದರು. ಅಡುಗೆ ಎರಡು, ಅಂಗಳ ಒಂದೇ.

ಅಮ್ಮನ ವಿಷಯಕ್ಕೆ ಬಂದಾಗ ಮಾತ್ರ ಈ ಹೋಲಿಕೆ ನನಗೆ ಸಂಕಟ ಕೊಡತ್ತೆ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅಂತ ಅಮ್ಮಂದಿರನ್ನೂ ಸಮಪಾಲು ಮಾಡಿದ ಮನೆಗಳನ್ನ ನಾವೆಲ್ಲ ನೋಡಿದ್ದೇವೆ. ಹಳೇ ಬಲ್ಬು ಯಾರ ಪಾಲಿಗೆ ಅನ್ನೋದೇ ಅಲ್ಲಿ ಜಗಳ. ಆ ಬಲ್ಬಿಗೂ ಒಂದು ಪಾಲಿದೆ, ಹದಿನೈದು ಗುಂಟೆ ಅಮ್ಮನದ್ದೇ ಅನ್ನೋದು ನಮ್ಮನೆ ಮಾತುಕತೆಯಲ್ಲಿ ಒಮ್ಮೆಯೂ ಬಂದಿಲ್ಲ.

ಪಾಲು ಕೊಟ್ಟ ಮೇಲೂ ಕೆಲಸ ಮುಗಿಯಲ್ಲ. ಬಿಡಿಸಿದ ತುಂಡನ್ನ ಮರದ ತುಂಡಿಗೆ ಕಟ್ಟಬೇಕು. ಸ್ವಲ್ಪ ತೆಂಗಿನ ನಾರು, ಮೀನು ಹಿಡಿಯೋ ದಾರ, ಅಲುಗದ ಹಾಗೆ ಬಿಗಿಯಾಗಿ. ಗಿಡ ಅಲುಗಾಡ್ತಿದ್ದರೆ ಹೊಸ ಬೇರಿನ ತುದಿ ಉಜ್ಜಿ ಹಾಳಾಗತ್ತೆ. ಬೇರು ತಾನೇ ಮರ ಹಿಡಿಯೋಕೆ ತಿಂಗಳುಗಳು ಬೇಕು, ಆಮೇಲೆ ದಾರ ಬಿಚ್ಚಬಹುದು. (‘ಮರದ ಮೇಲೆ ತಾನೇ ಬರೋದಕ್ಕೆ ದಾರ ಕಟ್ತೀಯಲ್ಲೋ’ ಅಂತ ಅಮ್ಮ ನಗ್ತಾಳೆ.) ಕುಂಡದಲ್ಲಿ ಉಳಿದ ಪಾಲಿಗೆ ನಾಲ್ಕೈದು ದಿನಕ್ಕೊಮ್ಮೆ ನೀರು ಸಾಕು. ಮರಕ್ಕೆ ಕಟ್ಟಿದ್ದಕ್ಕೆ ಬೇಸಿಗೆಯಲ್ಲಿ ದಿನಾ ಬೇಕು. ಎರಡಕ್ಕೂ ಒಂದೇ ಥರ ನೀರು ಹಾಕಿದರೆ ಒಂದು ಕೊಳೆಯತ್ತೆ, ಇಲ್ಲವೇ ಇನ್ನೊಂದು ಒಣಗತ್ತೆ. ಹಾಗೇ, ಬಾವಿಯ ನೀರು, ಹೋಗಿ ಬರೋ ದಾರಿ ಎರಡೂ ಇಲ್ಲದ ಹದಿನೈದು ಗುಂಟೆಯನ್ನ ಅಕ್ಕನಿಗೆ ಬರೆದುಕೊಟ್ಟು ಕೈ ತೊಳೆದುಕೊಂಡರೆ ಅದು ಕೊಟ್ಟ ಹಾಗಲ್ಲ.

ಪಹಣಿಯಲ್ಲಿ ನಾಲ್ಕು ಹೆಸರೂ ಬರಲಿ, ಸದ್ಯಕ್ಕೆ ನಡುವೆ ಬೇಲಿ ಬೇಡ, ಬಾವಿ ಮತ್ತು ದಾರಿ ಎಲ್ಲರದ್ದು ಅಂತ ಪತ್ರದಲ್ಲೇ ಬರೆಸೋಣ, ನೋಡಿಕೊಳ್ಳೋನು ಅಣ್ಣನಾದ್ದರಿಂದ ಫಸಲಿನಲ್ಲಿ ಅವನಿಗೆ ಜಾಸ್ತಿ ಇರಲಿ ಅನ್ನೋದು ನನ್ನ ವಾದ. ಅಕ್ಕ ಒಪ್ಪಿದ್ದಾಳೆ, ಹೆಸರು ಮೊದಲು ಬರಬೇಕು ಅನ್ನೋ ಷರತ್ತಿನ ಮೇಲೆ. ಅಣ್ಣ ‘ಕೊಯ್ಲು ಮುಗೀಲಿ, ಮಾತಾಡೋಣ’ ಅಂದಿದ್ದಾನೆ. ಹೋದ ವರ್ಷದ ಕೊಯ್ಲಿಗೂ ಅವನು ಇದನ್ನೇ ಅಂದಿದ್ದ ಅಂತ ಅಕ್ಕ ಫೋನಿನಲ್ಲಿ ನೆನಪಿಸಿದಳು.