ಕೆಂಪು ಮಸಿಯ ಹೊಣೆ

ಮಕ್ಕಳ ಪ್ರಬಂಧಗಳಿಗೆ ಅಂಕವಿಡಲು ಕುಳಿತಾಗ ನಮ್ಮ ಕೈಯಲ್ಲಿ ಕೆಂಪು ಮಸಿಯ ಲೇಖನಿಯಿರುತ್ತದೆ, ತಕ್ಕಡಿಯಿರುವುದಿಲ್ಲ. ಮೊದಲ ಹತ್ತು ಪುಸ್ತಕಗಳನ್ನು ಬೆಳಗಿನ ತಂಪಿನಲ್ಲಿ ನೋಡುತ್ತೇವೆ, ಕಡೆಯ ಹತ್ತನ್ನು ರಾತ್ರಿಯ ಆಯಾಸದಲ್ಲಿ. ಎರಡಕ್ಕೂ ನಮ್ಮ ಅಳತೆ ಒಂದೇ ಆಗಿತ್ತೇ? ಯಾವ ಮೇಲಧಿಕಾರಿಯೂ ಇದನ್ನು ವಿಚಾರಿಸುವುದಿಲ್ಲವಾದುದರಿಂದ ನಾವೇ ಕೇಳಿಕೊಳ್ಳಬೇಕಾಗಿದೆ.

ಸಂದೇಹ ಹೊಸತಲ್ಲ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ವಿದ್ವಾಂಸರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ಅನೇಕ ಪ್ರೌಢಶಾಲೆಗಳಿಗೆ ಕಳುಹಿಸಿದರು. 142 ಮಂದಿ ಉಪಾಧ್ಯಾಯರು ಅದಕ್ಕಿತ್ತ ಅಂಕಗಳು 64ರಿಂದ 98ರವರೆಗೆ ಹರಡಿದ್ದವು. ಭಾಷೆಯ ಪತ್ರಿಕೆಯೆಂದರೆ ಹಾಗೆಯೇ ಎನ್ನೋಣವೇ? ಮರುವರ್ಷ ರೇಖಾಗಣಿತದ ಒಂದು ಪತ್ರಿಕೆಗೆ ಬಂದ ಅಂಕಗಳು ಇನ್ನೂ ಹೆಚ್ಚು ಹರಡಿದ್ದವು.

ಅಮೆರಿಕದವರೆಗೆ ಹೋಗುವುದೇಕೆ? ಕಾಸರಗೋಡಿನ ನಮ್ಮ ತರಗತಿಯಲ್ಲಿ ಕನ್ನಡ ಬರೆಯುವ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿಗಳನ್ನಾಡುತ್ತಾರೆ. ‘ಮಳೆಗಾಲ’ ಎಂಬ ಪ್ರಬಂಧದಲ್ಲಿ ಒಬ್ಬ ಹುಡುಗ, ಮಳೆ ಬಿಡುವು ಕೊಡದೆ ಅಡಿಕೆಗೆ ಮದ್ದು ಬಿಡಲಾಗದೆ ತನ್ನ ತಂದೆ ಜಗಲಿಯಲ್ಲಿ ಆಕಾಶ ನೋಡುತ್ತ ಕುಳಿತುದನ್ನು ಬರೆದಿದ್ದ. ಆದರೆ ಅವನ ‘ಭಯ’ವು ‘ಬಯ’ವಾಗಿತ್ತು, ‘ಧಾರೆ’ಯು ‘ದಾರೆ’ಯಾಗಿತ್ತು. ತುಳು ಮಾತಿನಲ್ಲಿ ಮಹಾಪ್ರಾಣ ಅಪರೂಪವೆಂಬುದು ನಮಗೆ ತಿಳಿಯದ್ದಲ್ಲ. ಆದರೂ ಹತ್ತಕ್ಕೆ 4 ಕೊಟ್ಟೆವು. ಮುತ್ತು ಪೋಣಿಸಿದಂತಹ ಅಕ್ಷರಗಳಲ್ಲಿ, ಯಾರು ಬೇಕಾದರೂ ಬರೆಯಬಹುದಾದ ಮಾತುಗಳನ್ನೇ ಬರೆದಿದ್ದ ಹುಡುಗಿಗೆ 8. ಒಂದೇ ಕುಂದಿಗಾಗಿ ಆ ಹುಡುಗನ ವಿಷಯ, ಕ್ರಮ, ವಾಕ್ಯ, ಅಕ್ಷರ ಎಲ್ಲಕ್ಕೂ ದಂಡ ವಿಧಿಸಿದ್ದೆವು.

ಇದಕ್ಕೆ ಪರಿಹಾರವೆಂದು ಈಗ ತರಬೇತಿಗಳಲ್ಲಿ ‘ರೂಬ್ರಿಕ್’ ಎಂಬ ಮಾನದಂಡ ಪಟ್ಟಿಯನ್ನು ಕಲಿಸುತ್ತಾರೆ. ಲ್ಯಾಟಿನಿನಲ್ಲಿ ಈ ಪದದ ಮೂಲಾರ್ಥ ಕೆಮ್ಮಣ್ಣು. ಹಳೆಯ ಹಸ್ತಪ್ರತಿಗಳಲ್ಲಿ ಶೀರ್ಷಿಕೆಗಳನ್ನು ಕೆಂಪಿನಲ್ಲಿ ಬರೆಯುತ್ತಿದ್ದರು. ಅಂತೂ ಮತ್ತೆ ಕೆಂಪು ಮಸಿಗೇ ಬಂದೆವು! ನಾವು ವಿಷಯಕ್ಕೆ 4, ಕ್ರಮಕ್ಕೆ 2, ವಾಕ್ಯರಚನೆಗೆ 2, ಕಾಗುಣಿತಕ್ಕೆ 2 ಎಂದು ಹಂಚಿದೆವು. ತಾನು ಕಂಡ ಸಂಗತಿಯನ್ನು ವಿವರವಾಗಿ ಹೇಳಿದ್ದರೆ ವಿಷಯಕ್ಕೆ 4, ಬರಿಯ ಸಾಮಾನ್ಯ ಮಾತಾಗಿದ್ದರೆ 1 ಎಂದು ಬರೆದಿಟ್ಟುಕೊಂಡು ಪುನಃ ಓದಿದೆವು. ಹುಡುಗನಿಗೆ 4, 2, 1, 0. ಹುಡುಗಿಗೆ 1, 2, 2, 2. ಇಬ್ಬರಿಗೂ 7!

ವಿಷಯಕ್ಕೆ 4 ಎಂದು ನಿರ್ಣಯಿಸಿದವರು ಯಾರು? ನಾವೇ. ಗಡಿನಾಡಿನಲ್ಲಿ ಅಕ್ಷರಶುದ್ಧಿಗೆ ಹೆಚ್ಚು ಬೆಲೆಯಿರಬೇಕೆಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ಅದನ್ನು ಸುಲಭವಾಗಿ ತಳ್ಳಿಹಾಕಲಾರೆವು. ಪಟ್ಟಿ ನಮ್ಮ ಒಲವನ್ನು ಅಳಿಸುವುದಿಲ್ಲ. ಅದನ್ನು ಮಗುವಿನ ಕಣ್ಣಿಗೆ ಬೀಳುವಂತೆ ಹೊರಗಿಡುತ್ತದೆ, ಅಷ್ಟೆ.

ಅದು ಆ ಹುಡುಗಿಯ ಕಣ್ಣಿಗೆ ಬಿದ್ದೇಬಿಟ್ಟಿತು. “ಕಂಡದ್ದನ್ನೇ ಬರೆಯಬೇಕೆಂದು ನೀವು ಮೊದಲು ಹೇಳಿರಲಿಲ್ಲವಲ್ಲ, ಸರ್” ಎಂದಳು. ಆಟ ಮುಗಿದ ಮೇಲೆ ನಿಯಮ ಬರೆದವರು ನಾವು; ಉತ್ತರ ಕೊಡಲಾಗಲಿಲ್ಲ. ಅವಳ 8ನ್ನು ಹಾಗೆಯೇ ಉಳಿಸಿ ಹುಡುಗನ 4ನ್ನು 7 ಮಾಡಿದೆವು. ಅದು ನ್ಯಾಯವೋ, ಬರಿಯ ರಾಜಿಯೋ ಎಂಬ ಚರ್ಚೆ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಇನ್ನೂ ಮುಗಿದಿಲ್ಲ. ಮುಂದಿನ ಪ್ರಬಂಧಕ್ಕೆ ಮುನ್ನ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು, ಮಕ್ಕಳೊಡನೆ ಒಂದೊಂದು ಸಾಲನ್ನೂ ಓದಿದೆವು. ಒಂದು ಅವಧಿ ಪೂರ್ತಿ ಅದಕ್ಕೇ ಹೋಯಿತು.